ನಡಿಗೆಗೊಂದು ನೆಪ: ಜಿಯೋಕ್ಯಾಶಿಂಗ್ ಎಂಬ ಹವ್ಯಾಸ

ವ್ಯಾಯಾಮದಿಂದ ದೇಹಕ್ಕೆ ಲಘುತ್ವ, ಕೆಲಸ ಮಾಡುವ ಸಾಮರ್ಥ್ಯ, ಸ್ಥಿರತೆ, ಕ್ಲೇಶವನ್ನು ತಾಳಿಕೊಳ್ಳುವ ಶಕ್ತಿ ಹಾಗೂ ಜಠರಾಗ್ನಿಯ ವೃದ್ಧಿ ಉಂಟಾಗುವುದೆಂದು ಚರಕಸಂಹಿತೆಯ ಸೂತ್ರಸ್ಥಾನವು ತಿಳಿಸುತ್ತದೆ. ಈ ವಿಷಯವನ್ನು ಇಂದು ಯಾವ ರೋಗಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಮಧುಮೇಹ, ರಕ್ತದೊತ್ತಡ, ಸ್ಥೌಲ್ಯಗಳಿಂದ ಬಳಲುವವರೆಲ್ಲರೂ ತಾವು ನಡೆಯಬೇಕೆಂಬುದನ್ನು ಬಲ್ಲರು, ಆದರೆ ನಡೆಯುವುದಿಲ್ಲ. ಮೊದಲ ಹದಿನೈದು ದಿನ ಉತ್ಸಾಹದಿಂದ ಹೊರಟವರು ಮೂರನೆಯ ವಾರ ಮಳೆಯ ನೆಪವನ್ನೂ ನಾಲ್ಕನೆಯ ವಾರ ಮದುವೆಯ ನೆಪವನ್ನೂ ಹೇಳಿ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸುವುದಕ್ಕೆ ನೆಪ ಸಿಗುವಂತೆ ನಡೆಯುವುದಕ್ಕೂ ಒಂದು ನೆಪ ಸಿಗಬೇಕು ಎಂಬುದು ನನ್ನ ವೃತ್ತಿಜೀವನದ ಅನುಭವ.

ಸುಶ್ರುತಾಚಾರ್ಯರು ಈ ಮರ್ಮವನ್ನು ಅರಿತಿದ್ದರೆಂದು ತೋರುತ್ತದೆ. ಪ್ರಮೇಹ ಚಿಕಿತ್ಸೆಯ ಪ್ರಕರಣದಲ್ಲಿ ಅವರು ನಿರ್ಧನನಾದ ರೋಗಿಗೆ ಕೊಡೆ, ಪಾದರಕ್ಷೆಗಳಿಲ್ಲದೆ, ಭಿಕ್ಷಾನ್ನದಿಂದ ಜೀವಿಸುತ್ತ, ಒಂದು ಗ್ರಾಮದಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನ ಅಥವಾ ಅದಕ್ಕಿಂತ ಹೆಚ್ಚು ದೂರ ಸಾಗಬೇಕೆಂದು ವಿಧಿಸಿದ್ದಾರೆ. ಬಾವಿ ತೋಡುವ ಕೆಲಸವನ್ನೂ ಅಲ್ಲಿಯೇ ಹೇಳಿದ್ದಾರೆ. ಬರಿದೇ ನಡೆ ಎಂದು ಹೇಳದೆ, ಮುಂದಿನ ಊರನ್ನು ಮುಟ್ಟುವ, ನೀರನ್ನು ಕಾಣುವ ಗುರಿಯೊಂದನ್ನು ಜೊತೆಗಿಟ್ಟಿರುವುದು ಗಮನಾರ್ಹ. ಬರಿಗಾಲಿನ ಮಾತನ್ನು ಮಾತ್ರ, ಪಾದಗಳ ಸ್ಪರ್ಶಜ್ಞಾನ ಕುಂದಿರುವ ಇಂದಿನ ಮಧುಮೇಹಿಗಳಿಗೆ ನಾನು ಎಂದಿಗೂ ಹೇಳಲಾರೆ.

ಗುರಿಯಿಟ್ಟು ನಡೆಯಿಸುವ ಅಂಥದೊಂದು ಹವ್ಯಾಸ ಅಮೆರಿಕ, ಯುರೋಪುಗಳಲ್ಲಿ ಕಳೆದ ಇಪ್ಪತ್ತೈದು ವರ್ಷಗಳಿಂದ ಬೆಳೆದುಬಂದಿದೆ. ನಮ್ಮ ಸದ್ಭಕ್ತರಲ್ಲಿ ಅನೇಕರ ಮಕ್ಕಳು ಆ ದೇಶಗಳಲ್ಲಿ ನೆಲೆಸಿದ್ದಾರೆ; ತಂದೆ ತಾಯಿಗಳು ಐದಾರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿಬರುತ್ತಾರೆ. ಹಾಗೆ ಹೋಗಿ ಬಂದವರ ತೂಕ, ಸಕ್ಕರೆಯ ಪ್ರಮಾಣ, ಮುಖದ ಕಳೆ ಇವನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಬಾಗಿಲು ಮುಚ್ಚಿದ ಬೆಚ್ಚನೆಯ ಮನೆಯಲ್ಲಿ ಕುಳಿತು ದೂರದರ್ಶನ ನೋಡುವುದೊಂದೇ ಕೆಲಸ. ಬೀದಿಯಲ್ಲಿ ಮಾತನಾಡಿಸುವವರಿಲ್ಲ, ಸಂತೆಯಿಲ್ಲ, ಹೊರಗೆ ಹೋಗಲು ಕಾರಣವಿಲ್ಲ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆಯುತ್ತಿದ್ದೇನೆ.

ಹವ್ಯಾಸದ ಸ್ವರೂಪ

ಜಿಯೋ ಎಂದರೆ ಭೂಮಿ. ಕ್ಯಾಶ್ ಎಂಬುದು ಅಡಗಿಸಿಟ್ಟ ಸಂಗ್ರಹ ಎಂಬ ಅರ್ಥದ ಫ್ರೆಂಚ್ ಮೂಲದ ಪದ. ಹಣ ಎಂಬ ಅರ್ಥದ ಕ್ಯಾಶ್‌ಗೂ ಇದಕ್ಕೂ ಉಚ್ಚಾರಣೆಯೊಂದೇ ಸಮಾನ. ಗೊಂದಲವಾಗದಿರಲೆಂದು ನಾನು ಇದನ್ನು ಡಬ್ಬಿ ಎಂದೇ ಕರೆಯುತ್ತೇನೆ. ಒಬ್ಬರು ನೀರು ಒಳಹೋಗದ ಡಬ್ಬಿಯೊಂದರಲ್ಲಿ ಚಿಕ್ಕ ಪುಸ್ತಿಕೆಯನ್ನೂ ಕೆಲವು ಸಣ್ಣ ವಸ್ತುಗಳನ್ನೂ ಇಟ್ಟು, ಉದ್ಯಾನದಲ್ಲೋ ಕಾಡಿನ ಕಾಲುದಾರಿಯಲ್ಲೋ ಮರೆಯಾಗಿಟ್ಟು, ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುತ್ತಾರೆ. ಉಳಿದವರು ಜಿಪಿಎಸ್ ಉಪಕರಣದ ಅಥವಾ ಮೊಬೈಲಿನ ಸಹಾಯದಿಂದ ಅಲ್ಲಿಗೆ ಹೋಗಿ ಹುಡುಕಿ, ಪುಸ್ತಿಕೆಯಲ್ಲಿ ಹೆಸರು ಹಾಗೂ ದಿನಾಂಕ ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇದ್ದ ಹಾಗೆ ಇಟ್ಟು ಬರುತ್ತಾರೆ. ಒಳಗಿನ ಆಟಿಕೆ, ನಾಣ್ಯ ಮುಂತಾದವುಗಳಲ್ಲಿ ಒಂದನ್ನು ತೆಗೆದುಕೊಂಡರೆ ಅಷ್ಟೇ ಅಥವಾ ಹೆಚ್ಚು ಬೆಲೆಯ ಇನ್ನೊಂದನ್ನು ಇಡಬೇಕು. ಹುಡುಕಿದವನಿಗೆ ಬಹುಮಾನವಿಲ್ಲ, ಸೋತವನಿಗೆ ದಂಡವಿಲ್ಲ.

ಇದರ ಜನ್ಮದಿನವನ್ನು ನಿಖರವಾಗಿ ಹೇಳಬಹುದು. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ದೊರೆತರೆ ಉಪಕರಣವು ತಾನಿರುವ ಸ್ಥಳವನ್ನು ಲೆಕ್ಕಹಾಕುತ್ತದೆ. ಅಮೆರಿಕ ಸರಕಾರವು ಸೇನೆಯ ದೃಷ್ಟಿಯಿಂದ ನಾಗರಿಕರಿಗೆ ದೊರೆಯುವ ಸಂಕೇತದಲ್ಲಿ ಉದ್ದೇಶಪೂರ್ವಕವಾಗಿ ದೋಷವನ್ನು ಬೆರೆಸುತ್ತಿದ್ದುದರಿಂದ ನೂರು ಮೀಟರಿನಷ್ಟು ವ್ಯತ್ಯಾಸ ಬರುತ್ತಿತ್ತು. 2000ದ ಮೇ ಆರಂಭದಲ್ಲಿ, ಕ್ಲಿಂಟನ್ ಅಧ್ಯಕ್ಷರಾಗಿದ್ದಾಗ, ಆ ದೋಷವನ್ನು ನಿಲ್ಲಿಸಲಾಯಿತು. ಮರುದಿನವೇ, ಅಂದರೆ ಮೇ 3ರಂದು, ಡೇವ್ ಅಲ್ಮರ್ ಎಂಬವರು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಸಮೀಪದ ಕಾಡಂಚಿನಲ್ಲಿ ಕಪ್ಪು ಬಕೆಟ್ಟೊಂದನ್ನು ಅರ್ಧ ಹೂತಿಟ್ಟು, ಅದರ ಸ್ಥಾನವನ್ನು ಅಂತರ್ಜಾಲದ ಮೂಲಕ ಪ್ರಕಟಿಸಿದರು. ಅದರಲ್ಲಿ ಪುಸ್ತಕ, ವಿಡಿಯೋ, ಸ್ವಲ್ಪ ಹಣ, ಒಂದು ಕವಣೆ, ಒಂದು ಡಬ್ಬ ಹುರುಳಿಕಾಯಿ ಬೀಜ ಇತ್ಯಾದಿಗಳಿದ್ದವು. ಮೂರು ದಿನಗಳೊಳಗೆ ಮೈಕ್ ಟೀಗ್ ಎಂಬವರು ಅದನ್ನು ಕಂಡುಹಿಡಿದರು. ಅದೇ ತಿಂಗಳಿನಲ್ಲಿ ಮ್ಯಾಟ್ ಸ್ಟಮ್ ಎಂಬವರು ಇಂದಿನ ಹೆಸರನ್ನು ಸೂಚಿಸಿದರು. ಸೆಪ್ಟೆಂಬರಿನಲ್ಲಿ ಜೆರೆಮಿ ಐರಿಶ್ ಇದಕ್ಕೆಂದೇ ಅಂತರ್ಜಾಲ ತಾಣವನ್ನು ತೆರೆದಾಗ ಜಗತ್ತಿನಲ್ಲಿದ್ದ ಡಬ್ಬಿಗಳು ಕೇವಲ 75. ಇಂದು ಅವು ಮೂವತ್ತು ಲಕ್ಷವನ್ನು ಮೀರಿವೆ. ಅಮೆರಿಕದ ಅನಂತರ ಜರ್ಮನಿಯಲ್ಲಿ ಅತ್ಯಧಿಕವಾಗಿವೆ.

ಉಪಗ್ರಹದ ಯುಗಕ್ಕಿಂತ ಮೊದಲೂ ಇಂಥ ಹುಚ್ಚು ಇರಲಿಲ್ಲವೆಂದಲ್ಲ. ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬ ಬಯಲುಸೀಮೆಯಲ್ಲಿ 1854ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿಯು ಕ್ರಾನ್‌ಮಿಯರ್ ಕೊಳದ ಬಳಿ ಒಂದು ಸೀಸೆಯನ್ನಿಟ್ಟನು. ಅಷ್ಟು ದೂರ ನಡೆದು ಹೋದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿ ಬರುತ್ತಿದ್ದರು.

ವೈದ್ಯನಾದ ನನಗೆ ಈ ಆಟದಲ್ಲಿ ಮೆಚ್ಚಿಗೆಯಾದ ಅಂಶ ಇನ್ನೊಂದಿದೆ. ಮೊಬೈಲು ನಮ್ಮನ್ನು ಡಬ್ಬಿಯಿಂದ ಐದು ಹತ್ತು ಮೀಟರ್ ದೂರದವರೆಗೆ ಮಾತ್ರ ಕರೆದೊಯ್ಯಬಲ್ಲದು. ಮರಗಳ ದಟ್ಟಣೆಯಿದ್ದರೆ ದೋಷ ಇನ್ನೂ ಹೆಚ್ಚು. ಅಲ್ಲಿಂದ ಮುಂದೆ ಅದನ್ನು ಕಿಸೆಗೆ ಸೇರಿಸಿ ಕಣ್ಣನ್ನೇ ನಂಬಬೇಕು. ಬುಡದಲ್ಲಿ ಅಸಹಜವಾಗಿ ಜೋಡಿಸಿದ ಕಲ್ಲು, ಪೊಟರೆಯ ಬಾಯಿಗೆ ಅಡ್ಡವಿಟ್ಟ ತೊಗಟೆ, ಇವುಗಳನ್ನು ಕಾಣುವ ಅಭ್ಯಾಸವಾಗುತ್ತದೆ. ಬಗ್ಗಬೇಕು, ಏಳಬೇಕು, ಕತ್ತು ಹೊರಳಿಸಬೇಕು, ದೂರವನ್ನೂ ಹತ್ತಿರವನ್ನೂ ನೋಡಬೇಕು. ಮೊಮ್ಮಗುವಿನ ಕೈಯಿಂದ ಮೊಬೈಲನ್ನು ಕಿತ್ತುಕೊಂಡು ಜಗಳವಾಡುವುದಕ್ಕಿಂತ ಆ ಮೊಬೈಲನ್ನೇ ಹಿಡಿದು ಕಾಡಿಗೆ ಹೊರಡುವುದು ಸುಲಭವಾದ ಉಪಾಯ.

ನನ್ನಲ್ಲಿ ಬಹುಕಾಲದಿಂದ ಚಿಕಿತ್ಸೆ ಪಡೆಯುತ್ತಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ಸಿಯಾಟಲ್ ಬಳಿಯ ಮಗಳ ಮನೆಯಲ್ಲಿ ಐದು ತಿಂಗಳಿದ್ದು ಬಂದರು. ಹಿಂದಿನ ಸಲ ಆರು ಕಿಲೋ ತೂಕ ಹೆಚ್ಚಿಸಿಕೊಂಡು ಬಂದಿದ್ದವರು, ಈ ಸಲ ಹೋದಷ್ಟೇ ತೂಕದಲ್ಲಿ ಬಂದದ್ದನ್ನು ಕಂಡು ನನಗೆ ಆಶ್ಚರ್ಯವಾಯಿತು. "ಡಾಕ್ಟ್ರೇ, ನೀವು ನಡೀರಿ ನಡೀರಿ ಅಂತಿದ್ರಿ, ಎಲ್ಲಿಗೆ ಅಂತ ಹೇಳಿರಲಿಲ್ಲ. ನನ್ನ ಮೊಮ್ಮಗಳು ಎಲ್ಲಿಗೆ ಅಂತ ಹೇಳಿದ್ಲು" ಎಂದರು. ಹತ್ತು ವರ್ಷದ ಆ ಬಾಲಿಕೆ ಶಾಲೆಯಿಂದ ಬಂದೊಡನೆ "ಅಜ್ಜಾ, ಬೂಟು ಹಾಕ್ಕೋ" ಎನ್ನುತ್ತಿದ್ದಳಂತೆ. ಮೊದಲ ದಿನ ಮನೆಯ ಹಿಂದಿನ ಉದ್ಯಾನದಲ್ಲಿ ಒಂದು ಡಬ್ಬಿ. ತಿಂಗಳು ಕಳೆಯುವುದರೊಳಗೆ ದಿನಕ್ಕೆ ಮೂರು ನಾಲ್ಕು ಕಿಲೋಮೀಟರ್. ತೂಕ ಏರದಿರುವುದಕ್ಕೆ ಡಬ್ಬಿಯೇ ಕಾರಣವೆಂದು ನಾನು ಹೇಳುವುದಿಲ್ಲ. ಸಂಜೆ ಹೊರಗಿದ್ದುದರಿಂದ ಬಿಸ್ಕತ್ತು, ಚೂಡಾಗಳು ತಪ್ಪಿದವು, ರಾತ್ರಿ ನಿದ್ರೆ ಬಂದಿತು, ಮಾತ್ರೆಗಳನ್ನು ಸರಿಯಾಗಿ ತೆಗೆದುಕೊಂಡರು. ಆದರೆ ಇವೆಲ್ಲವೂ ಅವರು ಬಾಗಿಲು ದಾಟಿದ್ದರಿಂದ ಆದವು.

ಪಯಣಿಸುವ ವಸ್ತುಗಳು

ಡಬ್ಬಿಯೊಳಗೆ ಕೆಲವೊಮ್ಮೆ ಟ್ರ್ಯಾಕಬಲ್ ಎಂಬ ವಿಶೇಷ ವಸ್ತು ದೊರೆಯುತ್ತದೆ. ಇದರಲ್ಲಿ ಮುಖ್ಯವಾದವು ಎರಡು. ಸೈನಿಕರ ಕೊರಳಿನ ಬಿಲ್ಲೆಯಂಥ ಲೋಹದ ತಗಡು ಟ್ರಾವೆಲ್ ಬಗ್. ಅಂದವಾಗಿ ಅಚ್ಚುಹಾಕಿದ ನಾಣ್ಯದಂಥದ್ದು ಜಿಯೋಕಾಯಿನ್. ಎರಡರ ಮೇಲೂ ಮತ್ತೊಂದಕ್ಕಿಲ್ಲದ ಸಂಕೇತಸಂಖ್ಯೆ ಕೆತ್ತಿರುತ್ತದೆ. ಅದನ್ನು ಕೊಂಡು ಬಿಟ್ಟವರು ಒಂದು ಗುರಿಯನ್ನು ಗೊತ್ತುಮಾಡಿರುತ್ತಾರೆ: ಇದು ಒಂದು ಸಮುದ್ರತೀರದಿಂದ ಇನ್ನೊಂದಕ್ಕೆ ಹೋಗಲಿ, ಇದು ದೀಪಸ್ತಂಭಗಳನ್ನು ನೋಡಲಿ, ಹೀಗೆ. ಸಿಕ್ಕವರು ಸಂಖ್ಯೆಯನ್ನು ತಾಣದಲ್ಲಿ ನಮೂದಿಸಿ, ಮುಂದೆ ತಾವು ಹೋಗುವ ಇನ್ನೊಂದು ಡಬ್ಬಿಯಲ್ಲಿ ಅದನ್ನು ಇಡುತ್ತಾರೆ. ಅದು ಕ್ರಮಿಸಿದ ದೂರ ಭೂಪಟದ ಮೇಲೆ ಗೆರೆಯಾಗಿ ಮೂಡುತ್ತದೆ.

ಆಟಿಕೆಗಳಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಹೊಸಬರು ಮುಖ್ಯವಾಗಿ ಅರಿಯಬೇಕು. ಆಟಿಕೆಯನ್ನು ತೆಗೆದುಕೊಂಡವರು ಇಟ್ಟುಕೊಳ್ಳಬಹುದು. ಟ್ರ್ಯಾಕಬಲ್ ಅನ್ನು ತೆಗೆದುಕೊಳ್ಳುವುದಕ್ಕೆ ಪ್ರತಿಯಾಗಿ ಏನನ್ನೂ ಇಡಬೇಕಾಗಿಲ್ಲ, ಏಕೆಂದರೆ ಅದು ತೆಗೆದುಕೊಂಡವರದಾಗುವುದಿಲ್ಲ. ಒಂದೆರಡು ವಾರಗಳಲ್ಲಿ ಮುಂದಕ್ಕೆ ಸಾಗಿಸುವ ಅನುಕೂಲವಿಲ್ಲದವರು ಅದನ್ನು ಮುಟ್ಟದಿರುವುದೇ ಲೇಸು. ಸಂಖ್ಯೆಯ ಛಾಯಾಚಿತ್ರವನ್ನು ಅಂತರ್ಜಾಲದಲ್ಲಿ ಹಾಕಕೂಡದು. ಹಾಕಿದರೆ ಕಾಣದವರೂ ಕಂಡೆವೆಂದು ಬರೆಯುತ್ತಾರೆ. ಇಷ್ಟಾದರೂ ಅನೇಕ ಬಿಲ್ಲೆಗಳು ದಾರಿಯಲ್ಲಿ ಕಾಣೆಯಾಗುತ್ತವೆ. ಬೆಲೆಬಾಳುವ ನಾಣ್ಯವನ್ನು ಮನೆಯಲ್ಲಿಟ್ಟು ಅದರ ಪ್ರತಿಯನ್ನು ಮಾತ್ರ ಪಯಣಕ್ಕೆ ಬಿಡುವವರು ಇರುವುದು ಈ ಕಾರಣದಿಂದಲೇ.

ಇವುಗಳ ಪಯಣ ಭೂಮಿಗೂ ಸೀಮಿತವಾಗಿಲ್ಲ. 2008ರಲ್ಲಿ ರಿಚರ್ಡ್ ಗ್ಯಾರಿಯಟ್ ಎಂಬ ಯಾತ್ರಿಕರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಒಂದನ್ನು ಕೊಂಡೊಯ್ದರು. 2021ರ ಫೆಬ್ರವರಿಯಲ್ಲಿ ಮಂಗಳಗ್ರಹದಲ್ಲಿಳಿದ ಪರ್ಸಿವಿಯರೆನ್ಸ್ ಎಂಬ ಶೋಧಕ ವಾಹನದ ಉಪಕರಣವೊಂದರ ಪರೀಕ್ಷಾ ಫಲಕದ ಮೇಲೆಯೂ ಇಂಥ ಸಂಕೇತಸಂಖ್ಯೆ ಇದೆ.

ಮೇಲೆ ಹೇಳಿದ ಶಿಕ್ಷಕರು ಬಿಲ್ಲೆಯೊಂದಕ್ಕೆ ಚನ್ನಪಟ್ಟಣದ ಪುಟ್ಟ ಮರದ ಬೊಂಬೆಯನ್ನು ಕಟ್ಟಿ, ಅಟ್ಲಾಂಟಿಕ್ ಸಾಗರವನ್ನು ಮುಟ್ಟಲಿ ಎಂದು ಬಿಟ್ಟು ಬಂದಿದ್ದಾರೆ. ಈಗ ಬೆಳಿಗ್ಗೆ ಎದ್ದು ಪತ್ರಿಕೆ ಓದುವುದಕ್ಕೆ ಮೊದಲು ಅದು ಎಲ್ಲಿದೆಯೆಂದು ನೋಡುತ್ತಾರೆ. ಕಳೆದ ಬಾರಿ ನನ್ನಲ್ಲಿಗೆ ಬಂದಾಗ ಅದು ಮೊಂಟಾನಾ ರಾಜ್ಯದಲ್ಲಿತ್ತು. ಅಪರಿಚಿತ ದಂಪತಿಗಳು ಹಿಮದ ಮೇಲೆ ಬೊಂಬೆಯನ್ನು ನಿಲ್ಲಿಸಿ ತೆಗೆದ ಚಿತ್ರವನ್ನು ನನಗೂ ತೋರಿಸಿದರು. ಪತ್ನಿಯ ವಿಯೋಗದ ಬಳಿಕ ಅವರ ಮಾತಿನಲ್ಲಿ ನಾಳೆ ಎಂಬ ಪದವನ್ನು ನಾನು ಹೆಚ್ಚಾಗಿ ಕೇಳಿರಲಿಲ್ಲ. ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣದ ಈ ಬದಲಾವಣೆಯನ್ನೂ ಆರೋಗ್ಯದ ಲೆಕ್ಕಕ್ಕೆ ಸೇರಿಸಿದ್ದೇನೆ.

ಅಡಗಿಸಿಡುವವರ ಹೊಣೆ

ನಾಲ್ಕೈದು ಕಡೆ ಹುಡುಕಿದ ಮೇಲೆ ತಾವೂ ಒಂದನ್ನು ಇಡಬೇಕೆಂಬ ಆಸೆ ಹುಟ್ಟುವುದು ಸಹಜ. ಅವಸರ ಬೇಡ. ಕೆಲವು ಹತ್ತು ಡಬ್ಬಿಗಳನ್ನಾದರೂ ಕಂಡವರಿಗೆ ಮಾತ್ರ ಯಾವ ಡಬ್ಬಿ ಮಳೆಗೆ ತಡೆಯುತ್ತದೆ, ಯಾವುದು ಒದ್ದೆಯಾಗಿ ಬೂಷ್ಟು ಹಿಡಿಯುತ್ತದೆ ಎಂಬುದು ತಿಳಿಯುತ್ತದೆ. ಸೇನೆಯ ಹಳೆಯ ಮದ್ದುಗುಂಡಿನ ಪೆಟ್ಟಿಗೆ, ನಾಲ್ಕೂ ಕಡೆ ಬಿಗಿಯುವ ಪ್ಲಾಸ್ಟಿಕ್ ಡಬ್ಬಿ ಇವು ಉತ್ತಮ. ಕ್ಯಾಮೆರಾದ ಹಳೆಯ ಫಿಲಂ ಡಬ್ಬಿಯಷ್ಟು ಚಿಕ್ಕವೂ ಇವೆ. ಅವುಗಳಲ್ಲಿ ಕಾಗದದ ಸುರುಳಿಯೊಂದಕ್ಕೆ ಮಾತ್ರ ಸ್ಥಳ. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್, ಅಂದರೆ ಮೈಲಿಯ ಹತ್ತನೆಯ ಒಂದು ಭಾಗ, ಅಂತರವಿರಬೇಕು. ನೆಲದ ಒಡೆಯರ ಅನುಮತಿ ಬೇಕು. ಅಗೆದು ಹೂಳಕೂಡದು. ಆಹಾರವನ್ನು ಇಡಕೂಡದು, ವಾಸನೆಗೆ ಪ್ರಾಣಿಗಳು ಬಂದು ಡಬ್ಬಿಯನ್ನು ಸೀಳುತ್ತವೆ. ಮದ್ಯ, ಔಷಧಿ, ಆಯುಧಗಳಿಗೂ ನಿಷೇಧವಿದೆ. ಅರ್ಧ ಹೂತ, ಹುರುಳಿಕಾಯಿ ಬೀಜದ ಡಬ್ಬವಿದ್ದ ಆ ಮೊದಲ ಬಕೆಟ್ಟು ಇಂದಿನ ನಿಯಮದಂತೆ ತಿರಸ್ಕೃತವಾಗುತ್ತಿತ್ತು ಎಂಬುದು ಸ್ವಾರಸ್ಯಕರ. ಸ್ವಯಂಸೇವಕ ಪರಿಶೀಲಕರು ವಿವರಗಳನ್ನು ನೋಡಿ ಒಪ್ಪಿದ ಮೇಲೆಯೇ ಸ್ಥಳವು ಪ್ರಕಟವಾಗುತ್ತದೆ. ಇಟ್ಟವರು ಆಗಾಗ ಹೋಗಿ ನೋಡಿಕೊಳ್ಳಬೇಕು. ಆರು ತಿಂಗಳಿಗೆ ಬಂದು ಮರಳುವ ಅತಿಥಿಗಳು ಈ ಕಾರಣದಿಂದ ತಮ್ಮ ಹೆಸರಿನಲ್ಲಿ ಡಬ್ಬಿಯನ್ನು ಇಡದೆ, ಅಲ್ಲಿಯೇ ಇರುವ ಮಕ್ಕಳ ಹೆಸರಿನಲ್ಲಿ ಇಡುವುದು ಉಚಿತ.

ಹೊರಮೈ ಮೇಲೆ ಇದು ಇಂಥದೆಂದು ಸ್ಪಷ್ಟವಾಗಿ ಬರೆದಿರಬೇಕು. ಇಂಗ್ಲೆಂಡಿನ ವೆದರ್ಬಿ ಎಂಬ ಪಟ್ಟಣದಲ್ಲಿ 2011ರಲ್ಲಿ ಇಂಥ ಡಬ್ಬಿಯನ್ನು ಬಾಂಬೆಂದು ಶಂಕಿಸಿ, ಬೀದಿಯಿಂದ ಜನರನ್ನು ತೆರವುಗೊಳಿಸಿ, ಸೇನೆಯ ತಜ್ಞರು ಸ್ಫೋಟಿಸಿ ನಾಶಪಡಿಸಿದರು. ನಮ್ಮ ನಾಡಿನಲ್ಲಂತೂ ವಾರಸುದಾರರಿಲ್ಲದ ಡಬ್ಬಿಯನ್ನು ಮುಟ್ಟಬೇಡಿರೆಂದು ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಸಾರಲಾಗುತ್ತದೆ. ಆದುದರಿಂದ ಇಲ್ಲಿ ಜನಸಂದಣಿಯ ಸ್ಥಳ, ದೇವಾಲಯ, ಸಂರಕ್ಷಿತ ಸ್ಮಾರಕ, ಮೀಸಲು ಅರಣ್ಯಗಳಲ್ಲಿ ಡಬ್ಬಿಯಿಡುವ ವಿಚಾರವನ್ನೇ ಬಿಡಬೇಕು. 2004ರಲ್ಲಿ ಆರಂಭವಾದ ಅರ್ಥ್‌ಕ್ಯಾಶ್ ಎಂಬ ಪ್ರಕಾರದಲ್ಲಿ ಡಬ್ಬಿಯೇ ಇರುವುದಿಲ್ಲ. ಬಂಡೆಯನ್ನೋ ಜಲಪಾತವನ್ನೋ ಕಂಡು, ಅದರ ರಚನೆಯ ಕುರಿತ ಪ್ರಶ್ನೆಗಳಿಗೆ ಉತ್ತರಿಸಿದರೆ ಸಾಕು. ಮುನ್ನೂರು ಕೋಟಿ ವರ್ಷಗಳಷ್ಟು ಪುರಾತನವಾದ ಲಾಲ್‌ಬಾಗಿನ ಬಂಡೆ, ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳಿರುವ ನಮ್ಮ ನಾಡಿಗೆ ಈ ಪ್ರಕಾರವೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಹೊರಡುವ ಮುನ್ನ

ಪ್ರತಿ ಡಬ್ಬಿಗೂ ಒಂದರಿಂದ ಐದರವರೆಗೆ ಎರಡು ಅಂಕಗಳಿರುತ್ತವೆ. ಒಂದು ಹುಡುಕಾಟದ ಕಷ್ಟಕ್ಕೆ, ಇನ್ನೊಂದು ದಾರಿಯ ಕಷ್ಟಕ್ಕೆ. ದಾರಿಯ ಅಂಕ ಒಂದು ಇದ್ದರೆ ಗಾಲಿಕುರ್ಚಿಯೂ ಹೋಗಬಹುದು. ಐದಾದರೆ ದೋಣಿಯೋ ಹಗ್ಗವೋ ಬೇಕು. ಅರವತ್ತು ದಾಟಿದವರು, ಮಂಡಿನೋವಿನವರು ಎರಡನ್ನು ಮೀರಬಾರದು. ಮರ ಹತ್ತುವ, ಸುರಂಗಕ್ಕಿಳಿಯುವ ಸಾಹಸಗಳು ಯುವಕರಿಗೂ ಬೇಡ. 2018ರಲ್ಲಿ ಪ್ರಾಗ್ ನಗರದಲ್ಲಿ ಮಳೆನೀರಿನ ಭೂಗತ ಕಾಲುವೆಯೊಳಗೆ ಈ ಹುಡುಕಾಟಕ್ಕೆ ಹೋಗಿದ್ದವರು ಹಠಾತ್ ಮಳೆಯ ಪ್ರವಾಹಕ್ಕೆ ಸಿಕ್ಕಿ, ಪ್ರಾಣಹಾನಿಯಾಯಿತು.

ಎಷ್ಟು ನಡೆಯಬೇಕು? ಅರ್ಧಶಕ್ತಿ ಎಂಬುದು ಶಾಸ್ತ್ರದ ಅಳತೆ. ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡಿ, ಬಾಯಿ ಒಣಗಿ, ಉಸಿರು ಬಾಯಿಯಿಂದ ಬರತೊಡಗಿದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿದು ನಿಲ್ಲಬೇಕು. ಡಬ್ಬಿ ಇನ್ನು ನೂರು ಹೆಜ್ಜೆಯಲ್ಲಿದ್ದರೂ ಸರಿಯೇ. ಈ ಆಟದ ನಿಜವಾದ ಅಪಾಯ ಇಲ್ಲಿದೆ. ಇನ್ನೊಂದೇ ಒಂದು ಎಂಬ ಹಟದಲ್ಲಿ ಆಯಾಸ ತಿಳಿಯುವುದಿಲ್ಲ, ಮತ್ತು ಹೋದಷ್ಟೇ ದೂರ ಹಿಂತಿರುಗಿ ಬರಬೇಕೆಂಬುದು ಮರೆತುಹೋಗುತ್ತದೆ. ಚಳಿಗಾಲ, ವಸಂತಗಳಲ್ಲಿ ಅರ್ಧಶಕ್ತಿ. ಬೇಸಗೆಯಲ್ಲಿ ಅದಕ್ಕಿಂತ ಕಡಿಮೆ.

ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹೊರಡಬಾರದು. ಕಿಸೆಯಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇರಲಿ. ಕೈ ನಡುಗಿ, ಬೆವರಿ, ಕಣ್ಣು ಮಂಜಾದರೆ ಕೂಡಲೇ ಕುಳಿತು ಅದನ್ನು ಸೇವಿಸಬೇಕು. ಹೊಸ ಬೂಟನ್ನು ಮೊದಲ ದಿನವೇ ಕಾಡಿಗೆ ಹಾಕಿಕೊಂಡು ಹೋಗಬಾರದು, ಮನೆಗೆ ಬಂದೊಡನೆ ಪಾದಗಳನ್ನು ಬೆಳಕಿನಲ್ಲಿ ಪರೀಕ್ಷಿಸಬೇಕು. ಬಿಲ, ಪೊಟರೆಗಳಲ್ಲಿ ಕೋಲಾಡಿಸದೆ ಕೈಯಿಕ್ಕಬಾರದು. ಒಬ್ಬರೇ ಹೋಗಬಾರದು, ಅಲ್ಲಿಯ ಕಾಡುಗಳಲ್ಲಿ ಮೊಬೈಲಿಗೆ ಸಂಕೇತ ಸಿಗದ ಸ್ಥಳಗಳು ಬಹಳ.

ಅಮೆರಿಕದ ಕಾಡಂಚುಗಳಲ್ಲಿ ಎರಡು ಕೀಟಲೆಗಳು ನಮ್ಮವರಿಗೆ ಅಪರಿಚಿತ. ಪಾಯಿಸನ್ ಐವಿ, ಪಾಯಿಸನ್ ಓಕ್ ಎಂಬ ಗಿಡಗಳು ಮೂರು ಮೂರು ಎಲೆಗಳ ಗೊಂಚಲಿನಿಂದ ಗುರುತಿಗೆ ಸಿಗುತ್ತವೆ. ತಾಗಿದರೆ ಮೈ ಕೆಂಪಾಗಿ, ತುರಿಸಿ, ಗುಳ್ಳೆಗಳೇಳುತ್ತವೆ. ಹಿಂದೆ ಮಡಿವಾಳರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕೇರುಬೀಜ, ಅಂದರೆ ನಮ್ಮ ಭಲ್ಲಾತಕ, ಹಾಗೂ ಗೋಡಂಬಿ, ಮಾವುಗಳ ಕುಟುಂಬಕ್ಕೇ ಸೇರಿದ ಗಿಡಗಳಿವು. ಕೇರಿನ ಸೊನೆ ತಾಗಿ ಸುಟ್ಟಂತಾದವರನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ತಾಗಿದ ಕೂಡಲೇ ಸಾಬೂನು ಹಚ್ಚಿ ಚೆನ್ನಾಗಿ ತೊಳೆಯಬೇಕು, ಬಟ್ಟೆ ಬೂಟುಗಳನ್ನೂ ತೊಳೆಯಬೇಕು.

ಎರಡನೆಯದು ಉಣ್ಣೆ. ಈಶಾನ್ಯ ಅಮೆರಿಕದಲ್ಲಿ ಜಿಂಕೆಯ ಉಣ್ಣೆಗಳಿಂದ ಲೈಮ್ ಎಂಬ ರೋಗ ಹರಡುತ್ತದೆ. ಮರಿ ಉಣ್ಣೆಯು ಗಸಗಸೆ ಕಾಳಿನಷ್ಟೇ ಇರುವುದರಿಂದ ಮಂಡಿಯ ಹಿಂಭಾಗ, ತೊಡೆಯ ಸಂದು, ಕಂಕುಳು, ಕೂದಲಿನ ಅಂಚು ಇವನ್ನು ಇನ್ನೊಬ್ಬರಿಂದ ನೋಡಿಸಿಕೊಳ್ಳಬೇಕು. ಕಂಡರೆ ಚಿಮಟದಿಂದ ಚರ್ಮದ ಸಮೀಪ ಹಿಡಿದು ನೇರವಾಗಿ ಮೇಲಕ್ಕೆಳೆಯಬೇಕು. ಎಣ್ಣೆ ಸುರಿಯುವುದು, ಸುಡುವುದು ಬೇಡ. ಮೂರರಿಂದ ಮೂವತ್ತು ದಿನಗಳೊಳಗೆ ಕೆಂಪು ಕಲೆ ಮೂಡಿ ವೃತ್ತದಂತೆ ಹಬ್ಬಿದರೆ ಅಥವಾ ಜ್ವರ ಬಂದರೆ ತಡಮಾಡದೆ ಅಲ್ಲಿಯ ವೈದ್ಯರನ್ನು ಕಾಣಬೇಕು. ಇದಕ್ಕೆ ಆ್ಯಂಟಿಬಯೋಟಿಕ್ ಔಷಧವೇ ಚಿಕಿತ್ಸೆ. ಊರಿನಿಂದ ತಂದ ಲೇಪ, ಕಷಾಯಗಳನ್ನು ನಂಬಿ ಕಾಲ ಕಳೆಯಬಾರದೆಂದು ಆಯುರ್ವೇದ ವೈದ್ಯನಾಗಿಯೇ ಹೇಳುತ್ತಿದ್ದೇನೆ. ಊರಿಗೆ ಮರಳಿದ ಮೇಲೆ ಇಂಥ ಕಲೆ ಕಂಡರೆ, ನೋಡುವ ವೈದ್ಯರಿಗೆ ಅಮೆರಿಕದ ಕಾಡಿನಲ್ಲಿ ನಡೆದದ್ದನ್ನು ತಪ್ಪದೆ ತಿಳಿಸಬೇಕು.

ಮರಳುವ ಮಾತು ಬಂದುದರಿಂದ ಒಂದು ಸೂಚನೆ. ಪೆಟ್ಟಿಗೆ ಕಟ್ಟುವಾಗ ಕೋಟಿನ ಕಿಸೆಗಳನ್ನು ಒಮ್ಮೆ ನೋಡಿಕೊಳ್ಳಿರಿ. ಯಾರದೋ ಬಿಲ್ಲೆ ಉಳಿದಿದ್ದರೆ ಮೊಮ್ಮಕ್ಕಳ ಕೈಗೆ ಕೊಟ್ಟು ಬನ್ನಿರಿ. ಭಾರತದಲ್ಲಿ ಡಬ್ಬಿಗಳು ವಿರಳವಾಗಿರುವುದರಿಂದ ಇಲ್ಲಿಗೆ ಬಂದ ಬಿಲ್ಲೆ ಬೀರುವಿನಲ್ಲಿಯೇ ಉಳಿದುಹೋಗುವ ಸಂಭವ ಹೆಚ್ಚು. ಅತ್ತ ಅದನ್ನು ಬಿಟ್ಟವರು ದಿನವೂ ಭೂಪಟವನ್ನು ತೆರೆದು ನೋಡುತ್ತಿರುತ್ತಾರೆ.